ಡ್ರಮ್ಮಿಲ್ಲದ ಬ್ಯಾಂಡ್ ಕಟ್ಟುವುದು ಹೇಗೆ

ನಾವು ಐದು ಜನ ಮೊದಲ ಸಲ ಬಳ್ಳಾರಿಯ ಒಂದು ಕಲ್ಯಾಣ ಮಂಟಪದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಾಗ, ಹುಡುಗಿಯ ಸೋದರಮಾವ ಬಂದು ನಮ್ಮನ್ನು ಒಮ್ಮೆ ಎಣಿಸಿದರು. ಆಮೇಲೆ ಕೇಳಿದರು: "ಯಾಕಣ್ಣಾ, ಡ್ರಮ್ಮಿನವರು ಬಂದಿಲ್ವಾ?" ಬಂದಿಲ್ಲ, ಬರೋದೂ ಇಲ್ಲ ಅಂದೆ. ಅಡ್ವಾನ್ಸ್ ಕೊಟ್ಟಿದ್ದ ತಮ್ಮನ ಕಡೆ ಅವರು ನೋಡಿದ ನೋಟ ನನಗೆ ಇನ್ನೂ ಮರೆತಿಲ್ಲ.

ನಾನು ಹಗಲು ಜೀನ್ಸ್ ಯೂನಿಟ್‌ನಲ್ಲಿ ಕಟಿಂಗ್ ಮಾಸ್ಟರ್. ಮದುವೆ ಸೀಸನ್ನಿನಲ್ಲಿ ಟ್ರಂಪೆಟ್. ಅಪ್ಪನೂ ಕೌಲ್ ಬಜಾರಿನ ಬ್ಯಾಂಡ್ ಸೆಟ್‌ನಲ್ಲಿ ಊದುತ್ತಿದ್ದರು. ಹಾಗಾಗಿ ಇದು ಸಂಗೀತ ಶಾಲೆಯಲ್ಲಿ ಕಲಿತವನು ಹೇಳುವ ಪಾಠ ಅಂದುಕೊಳ್ಳಬೇಡಿ. ನಿಮ್ಮೂರಿನ ಬ್ಯಾಂಡ್ ಸೆಟ್‌ನಲ್ಲೇ ಇರುವ ನಾಲ್ಕೈದು ಜನರನ್ನು ಸೇರಿಸಿ ಒಂದು ಬ್ರಾಸ್ ಕ್ವಿಂಟೆಟ್, ಅಂದರೆ ಪಿತ್ತಳೆ ವಾದ್ಯ ಊದುವ ಐವರ ಗುಂಪು, ಕಟ್ಟಬಹುದು. ಅದಕ್ಕೆ ಹೊಸ ಹಾಡು ಹೊಂದಿಸಬಹುದು, ಜನರ ಮುಂದೆ ಕೂರಬಹುದು. ನಾವು ಮಾಡಿದ್ದೇವೆ. ಎಲ್ಲಿ ಎಡವಿದೆವು ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಐವರು ಯಾರು ಅಂತ ನೋಡೋಣ. ಎರಡು ಟ್ರಂಪೆಟ್, ಒಂದು ಫ್ರೆಂಚ್ ಹಾರ್ನ್, ಸ್ಲೈಡ್ ಜಾರಿಸಿ ನುಡಿಸುವ ಒಂದು ಟ್ರೊಂಬೋನ್, ಎಲ್ಲಕ್ಕಿಂತ ಕೆಳಗಿನ ದನಿಯ ಒಂದು ಟ್ಯೂಬಾ. ಎಲ್ಲವೂ ಪಿತ್ತಳೆ, ಎಲ್ಲವೂ ತುಟಿಯಿಂದ ನುಡಿಯುವವು. ಕ್ಲಾರ್ನೆಟ್, ಸ್ಯಾಕ್ಸೋಫೋನ್ ಇದರಲ್ಲಿ ಇಲ್ಲ. ನಮ್ಮ ಸೆಟ್‌ನ ಕ್ಲಾರ್ನೆಟ್ ಚಾಚಾ ಇದೇ ಕಾರಣಕ್ಕೆ ಒಂದು ತಿಂಗಳು ಮಾತು ಬಿಟ್ಟಿದ್ದರು. ಟ್ಯೂಬಾ ಸಿಗದಿದ್ದರೆ ಅದಕ್ಕಿಂತ ಚಿಕ್ಕದಾದ ಯೂಫೋನಿಯಂನಿಂದಲೇ ಶುರು ಮಾಡಿ. ನಾವು ಒಂದು ವರ್ಷ ಹಾಗೇ ನಡೆಸಿದೆವು. ಒಂದು ಮಾತು ನೆನಪಿರಲಿ: ಯೂಫೋನಿಯಂನ ಕೊಳವೆ ಟ್ರೊಂಬೋನಿನಷ್ಟೇ, ಸುಮಾರು 9 ಅಡಿ. ದೊಡ್ಡ ಬಿ ಫ್ಲ್ಯಾಟ್ ಟ್ಯೂಬಾದ್ದು 18 ಅಡಿ. ಹಾಗಾಗಿ ಟ್ಯೂಬಾದ ಸಾಲನ್ನು ಯೂಫೋನಿಯಂಗೆ ಕೊಡುವಾಗ ಬಹಳ ಕಡೆ ಒಂದು ಸ್ಥಾಯಿ ಮೇಲಕ್ಕೆ ಎತ್ತಬೇಕು. ಆಗ ಅದು ಟ್ರೊಂಬೋನಿನ ಮೈಮೇಲೇ ಬಂದು ಕೂರುತ್ತದೆ. ಕಿವಿಗೆ ಇಕ್ಕಟ್ಟು ಅನ್ನಿಸಿದರೆ ಕಾರಣ ಇದೇ.

ಹಾರ್ನ್ ಹುಡುಕುವುದೇ ಕಷ್ಟ. ನಮ್ಮ ಕಡೆ ಮೆರವಣಿಗೆಯಲ್ಲಿ ಅದಕ್ಕೆ ಕೆಲಸವಿಲ್ಲ. ಅದರ ಬಾಯಿ ಹಿಂದಕ್ಕೆ ತಿರುಗಿರುತ್ತದೆ, ಮುಂದೆ ಇರುವ ಜನರಿಗೆ ಸರಿಯಾಗಿ ಕೇಳಿಸದು. ನಮಗೆ ಒಬ್ಬ ನಿವೃತ್ತ ಪೊಲೀಸ್ ಬ್ಯಾಂಡಿನವರಿಂದ ಹಳೆಯದೊಂದು ಸಿಕ್ಕಿತು. ಮೀರತ್‌ನ ಜಾಲಿ ಕೋಠಿ ಕಡೆಯಿಂದಲೂ ತರಿಸಬಹುದು, ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ಪೇಟೆ ಅದೇ. ಆದರೆ ನೋಡದೆ ತರಿಸಬೇಡಿ. ನಾನು ನೋಡದೆ ತರಿಸಿದ ಒಂದು ಟ್ರಂಪೆಟ್‌ನ ಎರಡನೇ ಪಿಸ್ಟನ್ (ಬೆರಳಿನಿಂದ ಒತ್ತುವ ವಾಲ್ವ್) ಇವತ್ತಿಗೂ ತನಗೆ ಬೇಕಾದಾಗ ಮಾತ್ರ ಮೇಲೆ ಬರುತ್ತದೆ.

ಸಾ ಎಲ್ಲಿ ಇಡಬೇಕು

ಮದುವೆ ಬ್ಯಾಂಡಿನವರಿಗೆ ನೋಟೇಶನ್ ಓದಲು ಬರಲ್ಲ ಅಂತ ಬಹಳ ಜನ ಇಲ್ಲೇ ಕೈಬಿಡುತ್ತಾರೆ. ನಮ್ಮ ಐವರಲ್ಲಿ ಇಬ್ಬರಿಗೆ ಮಾತ್ರ ಐದು ಗೆರೆಯ ಬರಹ ಬರುತ್ತಿತ್ತು. ಮಿಕ್ಕವರಿಗೆ ಸಾರೇಗಮ. ಸಾರೇಗಮದಲ್ಲೇ ಬರೆದೆವು. ಅದೇ ಒಳ್ಳೆಯದಾಯಿತು.

ಸಾ ಅನ್ನು ಹಾರ್ಮೋನಿಯಂನ ಕಪ್ಪು ಐದಕ್ಕೆ, ಅಂದರೆ ಐದನೇ ಕಪ್ಪು ಕೀಗೆ ಇಡಿ. ಇಂಗ್ಲಿಷಿನವರು ಬಿ ಫ್ಲ್ಯಾಟ್ ಅನ್ನುವುದು ಇದನ್ನೇ. ಈ ಸಾ ಎರಡೂ ಟ್ರಂಪೆಟ್‌ಗಳಲ್ಲಿ ಯಾವ ಪಿಸ್ಟನ್ನೂ ಒತ್ತದೆ ಬರುತ್ತದೆ. ಬಿ ಫ್ಲ್ಯಾಟ್ ಟ್ಯೂಬಾದಲ್ಲೂ ಹಾಗೇ. ಟ್ರೊಂಬೋನಿನಲ್ಲಿ ಸ್ಲೈಡ್ ಪೂರ್ತಿ ಒಳಗಿರುವಾಗಲೇ ಸಿಗುತ್ತದೆ. ಎಫ್ ಸ್ವರಕ್ಕೆ ಕಟ್ಟಿದ ಹಾರ್ನಿನವನೊಬ್ಬ ಮಾತ್ರ ಮೊದಲನೇ ವಾಲ್ವ್ ಒತ್ತಬೇಕು. ಐವರಲ್ಲಿ ನಾಲ್ವರು ಮನೆಯಲ್ಲೇ ಇದ್ದಂತೆ, ಒಬ್ಬ ಬಾಡಿಗೆ ಮನೆಯಲ್ಲಿ. ಸುಮ್ನೆ ಗಾಯಕರಿಗೆ ಹೊಂದುತ್ತದೆ ಅಂತ ಕಪ್ಪು ಒಂದಕ್ಕೆ ಹೋದರೆ ಬೆರಳುಗಳಿಗೆ ಶಿಕ್ಷೆ.

ಶ್ರುತಿ ಹಿಡಿಯಲು ಹಾರ್ಮೋನಿಯಂ ಬೇಡ, ತಂಬೂರಿ ಇಡಿ. ಮೊಬೈಲಿನದ್ದಾದರೂ ಸರಿ. ಟ್ರಂಪೆಟ್‌ನ ತಾರ ಸ್ಥಾಯಿಯ ಶುದ್ಧ ಗ ಪಿಸ್ಟನ್ ಒತ್ತದೆ ಬರುತ್ತದೆ. ಅದು ಹಾರ್ಮೋನಿಯಂನ ಗ ಗಿಂತ ಕೂದಲೆಳೆ ಕೆಳಗೆ ಇರುತ್ತದೆ. ನಾನು ಇಪ್ಪತ್ತು ವರ್ಷ ಅದನ್ನು ತುಟಿ ಬಿಗಿದು ಮೇಲೆ ತಳ್ಳುತ್ತಿದ್ದೆ. ತಂಬೂರಿ ಹಾಕಿದ ದಿನ ಗೊತ್ತಾಯಿತು, ಕೊಳವೆ ಹೇಳುತ್ತಿದ್ದದ್ದೇ ಸರಿ. ತಂಬೂರಿಯ ಷಡ್ಜದೊಳಗೆ ತಾನಾಗೇ ಕೇಳುವ ಗಾಂಧಾರ ಇದೆಯಲ್ವಾ, ಅದೇ ಇದು. ಐವರು ಒಟ್ಟಿಗೆ ಸಾ, ಗ, ಪ ಹಿಡಿದಾಗ ಗ ಹಿಡಿದವನು ಅಷ್ಟು ಇಳಿದರೆ ಕೋಣೆ ಪೂರ್ತಿ ಗುಂಯ್ ಅನ್ನುತ್ತದೆ.

ಉಲ್ಟಾ ತೊಂದರೆ ಮಧ್ಯ ಸ್ಥಾಯಿಯ ರೇ. ಅದಕ್ಕೆ ಒಂದನೇ ಮತ್ತು ಮೂರನೇ ಪಿಸ್ಟನ್ ಒಟ್ಟಿಗೆ ಒತ್ತಬೇಕು. ಅದು ಯಾವಾಗಲೂ ಏರಿಯೇ ಬರುತ್ತದೆ. ಮೂರನೇ ಪಿಸ್ಟನ್ನಿನ ಸಣ್ಣ ಸ್ಲೈಡನ್ನು ಎಡಗೈ ಬೆರಳಿನಿಂದ ಹೊರಗೆ ತಳ್ಳಿ. ಭೂಪ್ ರಾಗ ಊದುವವರು ಇದನ್ನು ಮರೆತರೆ ಮುಗಿಯಿತು, ಅದರಲ್ಲಿರುವುದೇ ಐದು ಸ್ವರ, ಅದರಲ್ಲೊಂದು ಕೆಟ್ಟಿತು. ನಮ್ಮ ಸೆಟ್‌ಗಳಲ್ಲಿ ಆ ಸ್ಲೈಡ್ ತುಕ್ಕು ಹಿಡಿದು ಅಂಟಿಕೊಂಡೇ ಇರುತ್ತದೆ. ಡ್ರಮ್ಮಿನ ಗದ್ದಲದಲ್ಲಿ ಯಾರಿಗೆ ಬೇಕು!

ಆಮೇಲೆ ನಮ್ಮೂರಿನ ಬಿಸಿಲು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದರಲ್ಲಿ ಶಬ್ದದ ಓಟ ಸೆಕೆಂಡಿಗೆ ಸುಮಾರು 0.6 ಮೀಟರ್ ಜಾಸ್ತಿಯಾಗುತ್ತದೆ. ಕೊಳವೆಯೊಳಗಿನ ಗಾಳಿ ಬಿಸಿಯಾದಷ್ಟೂ ಶ್ರುತಿ ಮೇಲೆ ಹೋಗುತ್ತದೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ 40 ಡಿಗ್ರಿ ದಾಟುವುದು ಹೊಸದೇನಲ್ಲ. ಮುಖ್ಯ ಟ್ಯೂನಿಂಗ್ ಸ್ಲೈಡನ್ನು ಹೊರಗೆ ಎಳೆಯಿರಿ, ಪ್ರತಿ ಹಾಡಿನ ನಡುವೆ ಮತ್ತೆ ನೋಡಿ. ವಾದ್ಯವನ್ನು ಬಿಸಿಲಿನಲ್ಲಿ ಇಟ್ಟು ಚಹಾ ಕುಡಿಯಲು ಹೋಗಬೇಡಿ. ನಾವು ಬೇಸಿಗೆಯಲ್ಲಿ ಬೆಳಿಗ್ಗೆ ಐದೂವರೆಗೆ ಸೇರುತ್ತೇವೆ, ಏಳೂವರೆಗೆ ವಗ್ಗರಣಿ ಮಿರ್ಚಿ ತಿಂದು ಅವರವರ ಕೆಲಸಕ್ಕೆ.

ಪಿಸ್ಟನ್ನಿಗೆ ಕೊಬ್ಬರಿ ಎಣ್ಣೆ ಹಾಕುವ ಹಳೇ ಅಭ್ಯಾಸ ಇದ್ದರೆ ಬಿಡಿ. ನಮ್ಮ ಕೆಂಪು ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ವಾಲ್ವ್ ಎಣ್ಣೆಯೇ ತನ್ನಿ.

ಉಸಿರೇ ತಾಳ

ಮೆರವಣಿಗೆಯಲ್ಲಿ ನಾವು ಹತ್ತು ಜನ ಒಂದೇ ಹಾಡನ್ನು ಒಂದೇ ದನಿಯಲ್ಲಿ ಊದುತ್ತೇವೆ. ಒಬ್ಬ ತಪ್ಪಿದರೆ ಒಂಬತ್ತು ಜನ ಮುಚ್ಚುತ್ತಾರೆ. ಕ್ವಿಂಟೆಟ್‌ನಲ್ಲಿ ಐವರದೂ ಬೇರೆ ಬೇರೆ ಸಾಲು. ಮುಚ್ಚುವವರಿಲ್ಲ. ಮಾಸ್ಟರ್ ಎದುರು ನಿಂತು ಕೈ ಬೀಸುವುದಿಲ್ಲ, ಡ್ರಮ್ಮಿನವನು ದಾರಿ ತೋರಿಸುವುದಿಲ್ಲ. ಹಾಗಾದರೆ ಒಟ್ಟಿಗೆ ಶುರು ಮಾಡುವುದು ಹೇಗೆ?

ಮೊದಲ ಟ್ರಂಪೆಟ್‌ನವನು ಎಳೆದುಕೊಳ್ಳುವ ಉಸಿರಿನಿಂದ. ಹಾಡು ಯಾವ ಲಯದಲ್ಲಿ ಇದೆಯೋ ಅದೇ ಲಯದ ಒಂದು ಮಾತ್ರೆಯಲ್ಲಿ ಉಸಿರು ಒಳಗೆ, ಮುಂದಿನ ಮಾತ್ರೆಗೆ ಎಲ್ಲರ ಸ್ವರ ಹೊರಗೆ. ನಿಧಾನದ ಹಾಡಿಗೆ ನಿಧಾನದ ಉಸಿರು. ಇದನ್ನು ಕಲಿಯಲು ನಾವು ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆವು. ಕಣ್ಣಿಗೆ ಯಾರೂ ಕಾಣಬಾರದು, ಉಸಿರಿನ ಸದ್ದು ಮಾತ್ರ ಕೇಳಬೇಕು. ಮೊದಲ ವಾರ ಐದು ಬಾಗಿಲು ಒಂದರ ಹಿಂದೆ ಒಂದು ಬಡಿದಂತೆ ಇತ್ತು. ಮೂರನೇ ವಾರಕ್ಕೆ ಒಂದೇ ಬಾಗಿಲು.

ಮೆಲ್ಲಗೆ ಊದುವುದು ಇದಕ್ಕಿಂತ ಕಷ್ಟ. ಬೀದಿಯಲ್ಲಿ ಊದಿದ ತುಟಿಗೆ ಜೋರು ಬಿಟ್ಟು ಬೇರೆ ಗೊತ್ತಿಲ್ಲ. ನಮ್ಮ ಮನೆಯ ಮಾಳಿಗೆಯಲ್ಲಿ ಅಭ್ಯಾಸ, ಕೆಳಗೆ ಬಾಡಿಗೆಯವರ ಕೂಸು. ಕೂಸು ಏಳದಂತೆ ಒಂದು ಸಾ ಹಿಡಿದು ಒಬ್ಬೊಬ್ಬರೂ ಹದಿನೈದು ಸೆಕೆಂಡ್ ಎಳೆಯಬೇಕು, ದನಿ ನಡುಗಬಾರದು. ಕೂಸು ಎದ್ದರೆ ಆ ದಿನದ ಚಹಾ ಅವನದು. ಟ್ರೊಂಬೋನ್ ಕಾಕಾ ಎರಡು ತಿಂಗಳು ಚಹಾ ಕುಡಿಸಿದರು.

ಸಮತೋಲಕ್ಕೆ ಒಂದೇ ಸೂತ್ರ: ಕೆಳಗಿನವನು ತುಂಬಿ ಊದಲಿ, ಮೇಲಿನವನು ಹಿಡಿದು ಊದಲಿ. ಟ್ರಂಪೆಟ್‌ಗೆ ಟ್ಯೂಬಾ ಕೇಳಿಸುತ್ತಿಲ್ಲ ಅಂದರೆ ಟ್ರಂಪೆಟ್‌ನದೇ ತಪ್ಪು. ಇದನ್ನು ಟ್ರಂಪೆಟ್‌ನವನಾದ ನಾನೇ ಹೇಳುತ್ತಿದ್ದೇನೆ.

ಬೇಗದ ಸ್ವರಗಳಿಗೆ ನಾಲಿಗೆ ಸಾಲದು ಅನ್ನುವವರಿಗೆ ಒಂದು ಉಪಾಯ. ಪಶ್ಚಿಮದವರು ಜೋಡಿ ನಾಲಿಗೆ ಅಂತ ಕಲಿಸುವುದನ್ನು ನಮ್ಮ ತಬಲಾ ಹುಡುಗರು ಬಾಯಲ್ಲೇ ಹೇಳುತ್ತಾರೆ: ತಕ ತಕ ತಕ ತಕ. ತ ನಾಲಿಗೆಯ ತುದಿ, ಕ ನಾಲಿಗೆಯ ಹಿಂದು. ವಾದ್ಯ ಇಲ್ಲದೆ ಯೂನಿಟ್‌ಗೆ ಹೋಗುವ ದಾರಿಯಲ್ಲಿ ಹೇಳಿಕೊಳ್ಳಿ.

ಏನು ನುಡಿಸಬೇಕು

ಈ ಗುಂಪಿಗೆ ದೊಡ್ಡ ಪರಂಪರೆ ಏನೂ ಇಲ್ಲ, ಅದೇ ನಮಗೆ ಧೈರ್ಯ. ಪಿತ್ತಳೆ ವಾದ್ಯಗಳಿಗೆ ವಾಲ್ವ್ ಬಂದದ್ದೇ 19ನೇ ಶತಮಾನದ ಮೊದಲ ಭಾಗದಲ್ಲಿ. ರಷ್ಯಾದ ವಿಕ್ಟರ್ ಇವಾಲ್ಡ್ (1860–1935) ಐವರಿಗಾಗಿ ಬರೆದ ಕೃತಿಗಳು ಇವತ್ತಿಗೂ ಎಲ್ಲರ ಬಾಯಲ್ಲಿವೆ. ಆತ ಹೊಟ್ಟೆಪಾಡಿಗೆ ಸಿವಿಲ್ ಎಂಜಿನಿಯರಿಂಗ್ ಪ್ರೊಫೆಸರ್. ಇದನ್ನು ಕೇಳಿದ ಮೇಲೆ ಜೀನ್ಸ್ ಕತ್ತರಿಸುವವನು ಹಾಡು ಬರೆದರೆ ತಪ್ಪೇನು ಅನ್ನಿಸಿತು. ಸಂಗೀತ ಕಛೇರಿಗಳಿಗೆ ಈ ಗುಂಪು ಗಟ್ಟಿಯಾದದ್ದು ಇನ್ನೂ ಈಚೆಗೆ: ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್ 1954ರಲ್ಲಿ, ಅಮೆರಿಕನ್ ಬ್ರಾಸ್ ಕ್ವಿಂಟೆಟ್ 1960ರಲ್ಲಿ, ಕೆನೆಡಿಯನ್ ಬ್ರಾಸ್ 1970ರಲ್ಲಿ. ಅಮೆರಿಕನ್ ಗುಂಪಿನವರು ಟ್ಯೂಬಾ ಬದಲು ಬಾಸ್ ಟ್ರೊಂಬೋನ್ ಇಟ್ಟುಕೊಂಡಿದ್ದಾರೆ. ನಿಯಮ ಅಷ್ಟು ಬಿಗಿ ಇಲ್ಲ ಅಂತ ಅರ್ಥ.

ಮೊದಲು ಅವರ ಕೃತಿಗಳಲ್ಲಿ ಎರಡು ಮೂರು ಕಲಿಯಿರಿ. ವೆನಿಸ್‌ನ ಜೊವಾನ್ನಿ ಗಾಬ್ರಿಯೇಲಿಯ ಸಣ್ಣ ಕ್ಯಾನ್ಜೋನಾಗಳಿಂದ ಶುರು ಮಾಡಿ. ನಾನೂರು ವರ್ಷದ ಹಿಂದಿನವು, ಈಗ ಐವರಿಗೆ ಹೊಂದಿಸಿದ್ದು ಸಿಗುತ್ತವೆ. ಒಬ್ಬ ಒಂದು ಮಾತು ಆಡುತ್ತಾನೆ, ಇನ್ನೊಬ್ಬ ಅದನ್ನೇ ಎತ್ತಿಕೊಳ್ಳುತ್ತಾನೆ, ಭಜನೆಯಲ್ಲಿ ಹೇಳಿಕೊಟ್ಟಂತೆ. ಆಮೇಲೆ ಇವಾಲ್ಡ್‌ನ ಮೊದಲನೇ ಕ್ವಿಂಟೆಟ್. ಅದು ಟ್ಯೂಬಾದಿಂದಲೇ ಶುರುವಾಗುತ್ತದೆ. ಜನ್ಮವಿಡೀ ಭೋಂ ಭೋಂ ಅಂದವನಿಗೆ ಅದು ಸಿಕ್ಕಾಗ ನಮ್ಮ ಟ್ಯೂಬಾ ಅಳಿಯ ಹೊಸ ಶರ್ಟ್ ಹೊಲಿಸಿಕೊಂಡ.

ಮ್ಯಾಲ್ಕಂ ಆರ್ನಾಲ್ಡ್ 1961ರಲ್ಲಿ ಬರೆದ ಕ್ವಿಂಟೆಟ್ ಇನ್ನೂ ನಮ್ಮ ಅಳವಿಗೆ ಮೀರಿದ್ದು. ಆತ ಲಂಡನ್ ಫಿಲ್‌ಹಾರ್ಮೋನಿಕ್‌ನಲ್ಲಿ ಟ್ರಂಪೆಟ್ ವಾದಕನಾಗಿದ್ದವನು, ತುಟಿಯ ಕಷ್ಟ ಗೊತ್ತಿದ್ದೂ ಕರುಣೆ ತೋರಿಸಿಲ್ಲ. ಅದರ ನಡುವಿನ ಭಾಗ ಚಕೋನ್ ಮಾತ್ರ ನಾವು ಹಿಡಿದಿದ್ದೇವೆ. ಒಂದು ಸಾಲು ಮತ್ತೆ ಮತ್ತೆ ಸುತ್ತುತ್ತದೆ, ಅದರ ಮೇಲೆ ಮಿಕ್ಕದ್ದು ಕಟ್ಟಿಕೊಳ್ಳುತ್ತದೆ. ತಬಲಾ ಸೋಲೋಗೆ ಹಾರ್ಮೋನಿಯಂನವರು ಲೆಹರಾ ಹಿಡಿದಂತೆ ಅಂದೆ, ತಕ್ಷಣ ಎಲ್ಲರಿಗೂ ಹೊಳೆಯಿತು.

ಹಕ್ಕಿನ ವಿಷಯವನ್ನೂ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಬರೆದವರು ತೀರಿಹೋಗಿ 60 ವರ್ಷ ದಾಟಿದರೆ ಕೃತಿ ಎಲ್ಲರದು. ಗಾಬ್ರಿಯೇಲಿ, ಬಾಖ್, ಇವಾಲ್ಡ್ ಹಾಗೆ ಸಿಗುತ್ತಾರೆ. ಆದರೆ ಐವರಿಗೆ ಹೊಸದಾಗಿ ಹೊಂದಿಸಿದ ಬರಹಕ್ಕೆ ಹೊಂದಿಸಿದವರ ಹಕ್ಕು ಇರಬಹುದು, ನೋಡಿ ತೆಗೆದುಕೊಳ್ಳಿ. ಆರ್ನಾಲ್ಡ್ ತೀರಿದ್ದು 2006ರಲ್ಲಿ, ಅದನ್ನು ದುಡ್ಡು ಕೊಟ್ಟೇ ತರಿಸಬೇಕು. ಸಿನಿಮಾ ಹಾಡಿಗೆ ಮದುವೆ ಮೆರವಣಿಗೆಯಲ್ಲಿ ಕಾನೂನಿನ ವಿನಾಯಿತಿ ಇದೆ, ಟಿಕೆಟ್ ಇಟ್ಟ ಕಛೇರಿಗೆ ಇಲ್ಲ. ಇದನ್ನು ತಿಳಿದ ಮೇಲೆಯೇ ನಾನು ದಾಸರ ಕಡೆ ತಿರುಗಿದ್ದು.

ಹೊಸದನ್ನು ಕತ್ತರಿಸಿ ಹೊಲಿಯುವುದು

ಯಾವ ಹಾಡಾದರೂ ಸರಿ, ಮೊದಲು ಅಳತೆ ತೆಗೆಯಿರಿ. ಒಂದು ಹಾಳೆಯ ಮೇಲೆ ಐವರ ಹೆಸರು, ಒಬ್ಬೊಬ್ಬನಿಗೂ ಸುಖವಾಗಿ ಬರುವ ಅತಿ ಕೆಳಗಿನ ಸ್ವರ, ಅತಿ ಮೇಲಿನ ಸ್ವರ, ಒಂದು ಉಸಿರಿಗೆ ಎಷ್ಟು ಮಾತ್ರೆ. ಥೇಟ್ ಗ್ರಾಹಕನ ಅಳತೆಯಂತೆ. ಪುಸ್ತಕದಲ್ಲಿ ಟ್ರಂಪೆಟ್ ಎಲ್ಲಿಯವರೆಗೆ ಹೋಗುತ್ತದೆ ಅನ್ನುವುದು ನಮಗೆ ಬೇಡ, ನಮ್ಮ ಎರಡನೇ ಟ್ರಂಪೆಟ್ ಹುಡುಗ ಎಲ್ಲಿಯವರೆಗೆ ಹೋಗುತ್ತಾನೆ ಅನ್ನುವುದೇ ಬೇಕು. ಅವನಿಗೆ ತಾರ ಪ ಬರುತ್ತದೆ, ಸಂಜೆ ಏಳರ ಮೇಲೆ ಬರುವುದಿಲ್ಲ. ಅದನ್ನೂ ಬರೆದಿಟ್ಟಿದ್ದೇನೆ.

ನಮ್ಮ ಮೊದಲ ಸ್ವಂತ ತುಂಡು ಮಾನ್ವಿಯ ಜಗನ್ನಾಥದಾಸರ (1728–1809) ಭಾಮಿನಿ ಷಟ್ಪದಿಯ ಮೇಲೆ. ಅಮ್ಮ ಹರಿಕಥಾಮೃತಸಾರದ ಪದ್ಯ ಹೇಳುವ ಧಾಟಿ ಕಿವಿಯಲ್ಲಿ ಕೂತಿತ್ತು. ಭಾಮಿನಿಯ ನಡಿಗೆ ಮೂರು, ನಾಲ್ಕು, ಮೂರು, ನಾಲ್ಕು. ಏಳರ ಆವರ್ತ. ಟ್ಯೂಬಾಗೆ ಒಂದನೇ ಮತ್ತು ನಾಲ್ಕನೇ ಮಾತ್ರೆ ಕೊಟ್ಟೆ, ಅಷ್ಟೇ. ಡ್ರಮ್ಮಿನ ಕೆಲಸ ಅಲ್ಲಿಗೆ ಮುಗಿಯಿತು.

ತೊಡಕು ಬಂದದ್ದು ಮೂರನೇ ಸಾಲಿಗೆ. ಷಟ್ಪದಿಯ ಒಂದು, ಎರಡು, ನಾಲ್ಕು, ಐದನೇ ಸಾಲು 14 ಮಾತ್ರೆ. ಮೂರು ಮತ್ತು ಆರನೆಯದು 23. ಮೊದಲ ಎರಡು ಸಾಲು ಊದಿದ ನಾನು ಮೂರನೆಯದಕ್ಕೆ ಬರುವಾಗ ಎದೆ ಖಾಲಿ. ಹಾಡುವವರು ನಡುವೆ ಉಸಿರು ಕದಿಯುತ್ತಾರೆ, ತುತ್ತೂರಿಯಲ್ಲಿ ಕದ್ದರೆ ಸಿಕ್ಕಿಬೀಳುತ್ತೇವೆ. ಒಂದು ವಾರ ಒದ್ದಾಡಿ ಆಮೇಲೆ ಮೂರನೇ, ಆರನೇ ಸಾಲನ್ನು ಟ್ರೊಂಬೋನಿಗೆ ಕೊಟ್ಟುಬಿಟ್ಟೆ. ಅವನು ಅಷ್ಟು ಹೊತ್ತು ಸುಮ್ಮನಿದ್ದವನು, ಎದೆ ತುಂಬಿರುತ್ತದೆ. ಸಾಲಿನ ಕೊನೆಯ ಗುರುವನ್ನು ಎಳೆದು ಏಳು ತುಂಬಿಸುವ ಜಾಗದಲ್ಲಿ ಎರಡು ಟ್ರಂಪೆಟ್‌ಗಳು ಮೆಲ್ಲಗೆ ಒಳಗೆ ಬರುತ್ತವೆ. ತುಟಿಗೆ ವಿಶ್ರಾಂತಿ ಕೊಡಲು ಮಾಡಿದ್ದು, ಕೇಳುವವರಿಗೆ ಅದೇ ಚೆಂದದ ಜಾಗ.

ಟ್ರೊಂಬೋನಿಗೆ ಇನ್ನೊಂದು ಆಸ್ತಿ ಇದೆ: ಮೀಂಡ್. ಪಿಸ್ಟನ್ ವಾದ್ಯದಲ್ಲಿ ಜಾರುವುದು ಕಷ್ಟ, ಸ್ಲೈಡ್‌ನಲ್ಲಿ ಸಲೀಸು. ಸಾ ಸ್ಲೈಡಿನ ಒಂದನೇ ಜಾಗದಲ್ಲಿ, ಕೆಳಗಿನ ಪ ಆರನೇ ಜಾಗದಲ್ಲಿ. ಒಂದೇ ಎಳೆತಕ್ಕೆ ಸಾ ದಿಂದ ಪ ವರೆಗೆ ತುಂಡಾಗದೆ ಇಳಿಯಬಹುದು. ಅದಕ್ಕೂ ಕೆಳಗೆ ತೀವ್ರ ಮ ವರೆಗೆ, ಏಳನೇ ಜಾಗ, ಕೈ ಉದ್ದ ಇದ್ದರೆ. ಶುದ್ಧ ಮ ಕ್ಕೆ ಜಾರಲು ಹೋಗಬೇಡಿ, ಸ್ಲೈಡ್ ಮುಗಿದುಹೋಗುತ್ತದೆ. ನಮ್ಮ ಸನಾದಿಯವರು ಎಳೆಯುವ ಎಳೆತ ಬೇಕು ಅನ್ನಿಸಿದ ಕಡೆಯೆಲ್ಲ ನಾನು ಕಾಕಾನ ಕಡೆ ನೋಡುತ್ತೇನೆ.

ಒಂದು ಎಚ್ಚರಿಕೆ. ರಾಗದ ಕೆಳಗೆ ಚರ್ಚಿನ ಹಾಡಿನಂತೆ ಪ್ರತಿ ಸ್ವರಕ್ಕೂ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು) ತುಂಬಬೇಡಿ. ಭೀಮಪಲಾಸಿಗೆ ಒಮ್ಮೆ ತುಂಬಿದೆ, ರಾಗ ಊರು ಬಿಟ್ಟು ಹೋಯಿತು. ಹಾರ್ನ್ ಮತ್ತು ಟ್ಯೂಬಾ ಸಾ, ಪ ಹಿಡಿಯಲಿ. ಎರಡನೇ ಟ್ರಂಪೆಟ್ ರಾಗದೊಳಗಿನ ಸ್ವರಗಳಲ್ಲೇ ಉತ್ತರ ಕೊಡಲಿ. ಬರೆದದ್ದನ್ನು ಮ್ಯೂಸ್‌ಸ್ಕೋರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಹಾಕಿದರೆ ಹಾರ್ನಿನ ಸಾಲನ್ನು ಅದರ ಶ್ರುತಿಗೆ ತಕ್ಕಂತೆ ಅದೇ ತಿರುಗಿಸಿ ಕೊಡುತ್ತದೆ, ದುಡ್ಡೂ ಬೇಡ. ನನ್ನ ಮಗಳು ಮೊಬೈಲಿನಿಂದ ಬೈದುಕೊಂಡೇ ಕಲಿಸಿದಳು.

ಜನರ ಮುಂದೆ

ಆ ಕಲ್ಯಾಣ ಮಂಟಪದ ಕಥೆ ಮುಗಿಸುತ್ತೇನೆ. ನಮ್ಮ ಹಿಂದೆ ಹೂವಿನ ಪರದೆ, ಅದರ ಹಿಂದೆ ದಪ್ಪ ಬಟ್ಟೆ. ಹಾರ್ನಿನ ದನಿ ಹಿಂದಕ್ಕೆ ಹೋಗಿ ಬಟ್ಟೆಯೊಳಗೆ ಸತ್ತಿತು. ಪಕ್ಕದಲ್ಲಿ ಜನರೇಟರ್. ಊಟದ ಪಂಕ್ತಿ ಶುರುವಾದ ಮೇಲೆ ನಮ್ಮನ್ನು ಕೇಳಿದವರು ಇಬ್ಬರೇ, ಇಬ್ಬರೂ ಮಕ್ಕಳು.

ಹಾಗಾಗಿ ಜಾಗ ಮೊದಲೇ ಹೋಗಿ ನೋಡಿ. ಹಾರ್ನಿನವನ ಹಿಂದೆ ಗಟ್ಟಿ ಗೋಡೆ ಇರಬೇಕು. ಚಪ್ಪಾಳೆ ತಟ್ಟಿ ನೋಡಿ, ಸದ್ದು ತಿರುಗಿ ಬಂದರೆ ಮೈಕ್ ಬೇಡ. ಹಳೇ ಕಲ್ಲಿನ ಮಂಟಪ, ಶಾಲೆಯ ಪ್ರಾರ್ಥನೆ ಹಾಲ್ ಸಾಕು. ಜಾತ್ರೆಯ ಬಯಲಿನಲ್ಲಿ ಆಸೆಪಡಬೇಡಿ. ಕೊಪ್ಪಳದ ಗವಿಮಠದ ಜಾತ್ರೆಯ ಜನಸಾಗರದಲ್ಲಿ ಐದು ಪಿತ್ತಳೆ ಅಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಮೊದಲ ಕಛೇರಿ ನಲವತ್ತು ನಿಮಿಷ ಮೀರಬಾರದು. ಎರಡು ಗಂಟೆ ಮೆರವಣಿಗೆ ಊದುವವರಿಗೆ ಇದೇನು ಅನ್ನಿಸಬಹುದು. ಅಲ್ಲಿ ಡ್ರಮ್ಮಿನವರು ಬಾರಿಸುವಾಗ ನಾವು ತುಟಿ ಒರೆಸಿಕೊಳ್ಳುತ್ತೇವೆ, ಇಲ್ಲಿ ಬಿಡುವೇ ಇಲ್ಲ. ಕಷ್ಟದ ತುಂಡನ್ನು ಎರಡನೆಯದಾಗಿ ಇಡಿ, ಕೊನೆಗೆ ಇಟ್ಟರೆ ತುಟಿ ಇರುವುದಿಲ್ಲ. ನಮ್ಮದು ಹೀಗಿತ್ತು: ಗಾಬ್ರಿಯೇಲಿ, ಇವಾಲ್ಡ್‌ನ ಮೊದಲ ಭಾಗ, ಭಾಮಿನಿ, ಚಕೋನ್, ಕೊನೆಗೆ ಭೂಪ್‌ನಲ್ಲಿ ಒಂದು ಸಣ್ಣ ಧುನ್. ನಡುನಡುವೆ ಮಾತಾಡಿ. ಜನ ನಿಮ್ಮ ಮಾತು ಕೇಳುವ ಎರಡು ನಿಮಿಷ ತುಟಿಗೆ ರಕ್ತ ಮರಳುತ್ತದೆ. ನಾನು ಹಾರ್ನಿನ 12 ಅಡಿ ಕೊಳವೆ ಬಿಡಿಸಿ ನಿಲ್ಲಿಸಿದರೆ ನಮ್ಮ ಮನೆಯ ಸೂರು ಮುಟ್ಟುತ್ತದೆ ಅಂದೆ, ಹುಡುಗರೆಲ್ಲ ಎದ್ದು ಮುಂದೆ ಬಂದರು.

ಮುಹೂರ್ತ ಇರುವ ದಿನ ಅಭ್ಯಾಸ ಇಡಬೇಡಿ. ಐವರ ಅಕ್ಕಿ ಬರುವುದು ಇನ್ನೂ ಮದುವೆಯಿಂದಲೇ.

ಹೋಗುವ ದಾರಿಯ ಲೆಕ್ಕವನ್ನೂ ಮೊದಲೇ ಹಾಕಿ. ಟ್ಯೂಬಾಗೆ ಒಂದು ಆಟೋ ಬೇರೆ ಬೇಕು, ಐವರ ಜೊತೆ ಅದು ಹಿಡಿಯುವುದಿಲ್ಲ. ಕೊಪ್ಪಳಕ್ಕೆ ಬಸ್ಸಿನಲ್ಲಿ ಹೋದಾಗ ಕಂಡಕ್ಟರ್ ಅದಕ್ಕೆ ಲಗೇಜ್ ಟಿಕೆಟ್ ಹರಿದರು. ಹರಿದ ಮೇಲೆ, "ಟಿಕೆಟ್ ತಗೊಂಡದ ಅಲ್ಲ, ಸೀಟ್ ಮ್ಯಾಲ ಕೂಡಸ್ರಿ" ಅಂದರು. ಅಳಿಯ ಕಿಟಕಿ ಪಕ್ಕದ ಸೀಟು ಅದಕ್ಕೇ ಕೊಟ್ಟು ಕೊಪ್ಪಳದವರೆಗೂ ನಿಂತೇ ಬಂದ.